ಆಮಿಯ ತವರಮನಿ

ಹೋದ ವಾರ ರಬಕವಿಯಿಂದ ನಮ್ಮ ವೈನಿ ಫೋನ್ ಮಾಡಿದ್ರು. ಅರ್ಧಾ ತಾಸ ಸೀರಿ ಮಾತು, ಹತ್ತ ನಿಮಿಷ ಮೊಣಕಾಲ ನೋವಿನ ಮಾತು ಮುಗದ ಮ್ಯಾಲ ನಿಜವಾದ ಸುದ್ದಿ ಬಂತು. ಬಾಜೂ ಮನಿಯವ್ರು ಒಂದ ಆಮಿ ತಂದು ಟಬ್ಬಿನಾಗ ಬಿಟ್ಟಾರಂತ. ಬೆನ್ನ ಮ್ಯಾಲ ರಂಗೋಲಿ ಎಳದಂಗ ಚುಕ್ಕಿ, ಗೆರಿ ಅದಾವಂತ. ಅದ ಮನಿಗೆ ಬಂದ ಮ್ಯಾಲ ಅವ್ರ ಮಗ್ಗ ಛಲೋ ನಡದಾವಂತ. "ನಾವೂ ಒಂದ ತರಸೂಣೇನ?" ಅಂತ ಕೇಳಿದ್ರು. ನಾ ತಟ್ಟನ "ಬ್ಯಾಡ್ರಿ ವೈನಿ" ಅಂದೆ. ಯಾಕ ಬ್ಯಾಡ ಅಂತ ಫೋನಿನಾಗ ಹೇಳಾಕ ಹೋದ್ರ ರೊಟ್ಟಿ ಹೊತ್ತತಾವ. ಅದಕ್ಕ ಇಲ್ಲಿ ಕುಂತು ಬರೀಲಿಕ್ಕತ್ತೀನಿ. ಉದ್ದ ಆಗತೈತಿ, ಚಹಾ ಇಟಗೊಂಡ ಓದ್ರಿ.

ನಮಗ ಆಮಿ ಹೊಸಾದೇನಲ್ಲ. ನಮ್ಮ ಕಡೆ ಗುಡಿಗಳಾಗ ಗರ್ಭಗುಡಿಗೆ ಹೋಗೂ ಮೊದಲ ನೆಲದಾಗ ಒಂದ ಕಲ್ಲಿನ ಆಮಿ ಇರತೈತಿ. ಅದನ್ನ ತುಳೀಬಾರದು, ಮುಟ್ಟಿ ನಮಸ್ಕಾರ ಮಾಡಿ ಮುಂದ ಹೋಗಬೇಕು ಅಂತ ಅವ್ವ ಕಲಿಸಿದ್ಲು. ಕೈಕಾಲು, ತಲಿ ಒಳಗ ಎಳಕೊಳ್ಳೂ ಆಮಿಯಂಗ ಇಂದ್ರಿಯಗಳನ್ನ ಒಳಗ ಎಳಕೋಬೇಕು ಅಂತ ಗೀತಾದಾಗ ಹೋಲಿಕಿ ಐತಿ. ಸಮುದ್ರ ಕಡಿಯೂ ಮುಂದ ಮಂದರ ಪರ್ವತ ಹೊತ್ತಾಂವ ಕೂರ್ಮ. ಇಷ್ಟೆಲ್ಲಾ ಗೌರವ ಕೊಟ್ಟೂ ಆಮಿ ಅಂದ್ರ ಹೆಂಥಾ ಪ್ರಾಣಿ, ಎಲ್ಲಿ ಹುಟ್ಟತೈತಿ, ಏನ ತಿಂತೈತಿ ಅಂತ ನಾವು ಕೇಳೇ ಇಲ್ಲ. ನಾ ಅಂತೂ ಕೇಳಿರಲಿಲ್ಲ.

ನಮ್ಮ ಚಿಗವ್ವನ ಊರು ಜಮಖಂಡಿ ತಾಲೂಕಿನಾಗ, ಹೊಳಿ ದಂಡಿ ಮ್ಯಾಲ. ಅವ್ರ ಹಿತ್ತಲದಾಗ ಒಂದ ಕಲ್ಲ ಕಟ್ಟಿದ ಬಾವಿ ಇತ್ತು, ಬಾವಿಯೊಳಗ ಒಂದ ಆಮಿ. ಆಗಿನ ಕಾಲಕ್ಕ ಆಮಿ ಬಿಟ್ರ ನೀರ ತಿಳಿ ಇರತೈತಿ, ಹುಳ ಹುಪ್ಪಡಿ ತಿಂತೈತಿ ಅಂತ ಭಾಳ ಬಾವಿಯಾಗ ಬಿಡತಿದ್ರು. ಸೂಟಿಗೆ ಹೋದಾಗ ನಾವು ಹುಡುಗ್ರು ಮ್ಯಾಲಿಂದ ರೊಟ್ಟಿ ಚೂರು ಒಗೀತಿದ್ವಿ, ಅದು ಮೂಗ ಅಷ್ಟ ಮ್ಯಾಲ ಮಾಡಿ ನೋಡತಿತ್ತು. ಎಂಬತ್ತರ ದಶಕದಾಗ ಬರ ಬಿತ್ತಲ್ಲ, ಒಂದ ಬ್ಯಾಸಗಿ ಬಾವಿ ಪೂರಾ ಬತ್ತಿತು. ಹೂಳ ತೆಗ್ಯಾವ್ರು ಬುಟ್ಟಿಯಾಗ ಕೆಸರಿನ ಜೋಡಿ ಆಮಿನೂ ಮ್ಯಾಲ ಕಳಿಸಿದ್ರು. ಕಲ್ಲಿನಂಗ ಆಗಿತ್ತು, ಅಲುಗಾಡಲಿಲ್ಲ. ಸತ್ತೈತಿ ಅಂದ್ರು. ಚಿಗವ್ವ ಅತ್ತಗೋತ ಅರಿಷಿಣ ಕುಂಕುಮ ಹಚ್ಚಿ, ಬೇವಿನ ಗಿಡದ ಬುಡಕ ಗಟ್ಟಿ ಮಣ್ಣ ಹಾಕಿ ಹುಗಿಸಿದ್ಲು. ನಾನೂ ಒಂದ ಮುಟಗಿ ಮಣ್ಣ ಹಾಕಿದ್ದೆ.

ಎಷ್ಟೋ ವರ್ಷದ ಮ್ಯಾಲ ಓದಿದೆ: ನಮ್ಮ ಕೆರಿ ಬಾವಿಯಾಗ ಇರೂ ಆಮಿ ನೀರ ಬತ್ತಿದ್ರ ಕೆಸರಿನಾಗ ಹೊಕ್ಕು, ಉಸರಾಟ ಕಡಿಮಿ ಮಾಡಿ, ಮಳಿ ಬರೂ ತನಕ ತಿಂಗಳಗಟ್ಟಲೆ ಸುಮ್ಮನ ಮಲಗತೈತಂತ. ಅವತ್ತ ಅದು ಸತ್ತಿತ್ತೋ ಮಲಗಿತ್ತೋ ದೇವರಿಗೇ ಗೊತ್ತು. ಈ ಮಾತು ಚಿಗವ್ವಗ ನಾ ಹೇಳಲೇ ಇಲ್ಲ. ಈಗ ಹೇಳಾಕ ಅಕಿನೂ ಇಲ್ಲ.

ಇದು ಬಾವಿ ಆಮಿ ಮಾತಾತು. ಸಮುದ್ರದ ಆಮಿ ಬ್ಯಾರೆ, ಅದರ ಕಥಿ ನನಗ ತಿಳದದ್ದು ಹೊನ್ನಾವರಕ್ಕ ಹೋದಾಗ. ಕಾಸರಕೋಡ ಟೊಂಕ ಅಂತ ಒಂದ ಜಾಗಾ ಐತಿ, ಶರಾವತಿ ಸಮುದ್ರ ಸೇರೂ ಕಡೆ. ಉಸುಕಿನ ಮ್ಯಾಲ ಹೆಣ್ಣಮಕ್ಕಳು ಮೀನ ಒಣಗಿಸ್ತಾರ, ನಾವು ಮಾಳಿಗಿ ಮ್ಯಾಲ ಹಪ್ಪಳ ಸಂಡಿಗಿ ಒಣಗಿಸಿದಂಗ. ಅದೇ ಉಸುಕಿನಾಗ ಒಂದ ಕಡೆ ಬಲಿ ಸುತ್ತಿ, ಕೋಲ ನೆಟ್ಟು, ತಾರೀಖು ಬರದ ಚೀಟಿ ಕಟ್ಟಿದ್ರು. ಏನವ್ವಾ ಇದು ಅಂತ ಕೇಳಿದ್ರ, "ಕಡಲಾಮೆ ಮೊಟ್ಟೆ" ಅಂದ್ಲು ಅಲ್ಲಿನಾಕಿ, ನಮ್ಮ ಮನಿ ಬಾಣಂತಿ ಒಳಗ ಮಲಗ್ಯಾಳ, ಸಾವಕಾಶ ಮಾತಾಡು ಅನ್ನೂ ದನಿಯೊಳಗ.

ನಮ್ಮ ಕರಾವಳಿಗೆ ಹೆಚ್ಚಾಗಿ ಬರೂದು ಆಲಿವ್ ರಿಡ್ಲಿ ಅನ್ನೂ ಜಾತಿ. ಎರಡ ಅಡಿ ಉದ್ದ, ತೂಕ 40-50 ಕೆಜಿ, ಅಂದ್ರ ಒಂದ ಗೋಧಿ ಚೀಲ. ಭಾರತದ ನೀರಿನಾಗ ಒಟ್ಟ ಐದ ಜಾತಿ ಸಮುದ್ರದ ಆಮಿ ಅದಾವ: ಇದು, ಹಸಿರಾಮಿ, ಗಿಡುಗಮೂತಿ ಆಮಿ, ತೊಗಲಬೆನ್ನಿನ ದೊಡ್ಡ ಆಮಿ, ದೊಡ್ಡತಲಿ ಆಮಿ. ಹೆಣ್ಣಾಮಿ ಎಷ್ಟೇ ದೂರ ಹೋಗಿರಲಿ, ತತ್ತಿ ಇಡಾಕ ಮಾತ್ರ ತಾ ಹುಟ್ಟಿದ ದಂಡಿ ಕಡೇನ ತಿರಗಿ ಬರತೈತಿ. ಇದನ್ನ ಕೇಳಿದಾಗ ನನಗ ನಗು ಬಂತು, ಮುಂದ ಗಂಟಲ ಕಟ್ಟಿತು. ಚೊಚ್ಚಲ ಬಾಣಂತನ ತವರಮನಿಯೊಳಗ ಅಂತ ನಮಗ ಅಷ್ಟ ಅಲ್ಲ, ಅದಕ್ಕೂ ಐತಿ. ಆದ್ರ ಅದಕ್ಕ ಎಣ್ಣಿ ನೀರಿಲ್ಲ, ಅಳವಿ ಪಾಯಸಾ ಇಲ್ಲ. ರಾತ್ರಿ ಕತ್ತಲದಾಗ ತೆವಳಿಕೊಂಡ ಮ್ಯಾಲ ಬಂದು, ಹಿಂದಿನ ಕಾಲಿಲೆ ಕೊಡದ ಆಕಾರದ ತಗ್ಗ ತೋಡಿ, ನೂರರ ಮ್ಯಾಲ ತತ್ತಿ ಇಟ್ಟು, ಉಸುಕ ಮುಚ್ಚಿ, ಮೈಲೆ ತಟ್ಟಿ ಗಟ್ಟಿ ಮಾಡಿ ಹೊಂಟ ಹೋಗತೈತಿ. ಮರಿ ಮಾರಿ ನೋಡೂದಿಲ್ಲ. ತತ್ತಿ ಇಡೂ ಮುಂದ ಕಣ್ಣಾಗ ನೀರ ಸುರೀತಾವ. ಅದು ಅಳು ಅಲ್ಲ, ಮೈಯಾಗಿನ ಹೆಚ್ಚಿನ ಉಪ್ಪ ಹೊರಗ ಹಾಕೂ ರೀತಿ ಅಂತ ತಿಳದವ್ರು ಹೇಳತಾರ. ಇರಬೇಕು ಬಿಡ್ರಿ. ಹಡದಾಕಿಗೆ ಕೇಳಿದ್ರ ಬ್ಯಾರೇನ ಹೇಳ್ಯಾಳು.

45ರಿಂದ 60 ದಿನಕ್ಕ ಮರಿ ಹೊರಗ ಬರತಾವ. ಗಂಡೋ ಹೆಣ್ಣೋ ಅನ್ನೂದನ್ನ ಉಸುಕಿನ ಬಿಸಿ ನಿರ್ಧಾರ ಮಾಡತೈತಿ: ಹೆಚ್ಚ ಬಿಸಿ ಇದ್ರ ಹೆಣ್ಣು, ತಂಪಿದ್ರ ಗಂಡು. ಮರಿ ಬೆಳಕ ಇದ್ದ ಕಡೆ ಓಡತಾವ. ಹಿಂದಕ ಕತ್ತಲ ರಾತ್ರಿಯಾಗ ಬೆಳಕಂದ್ರ ಸಮುದ್ರದ ಮ್ಯಾಲಿನ ಆಕಾಶ ಒಂದ ಇತ್ತು. ಈಗ ರೆಸಾರ್ಟಿನ ಲೈಟ ನೋಡಿ ರಸ್ತೇಕ್ಕ ಬಂದು ನಾಯಿ, ಕಾಗಿ, ಗಾಡಿ ಗಾಲಿಗೆ ಸಿಗತಾವ. ಸಾವಿರದಾಗ ಒಂದ ಮರಿ ದೊಡ್ಡದಾದ್ರ ಹೆಚ್ಚು ಅಂತಾರ.

ಈಗ ಇತಿಹಾಸಕ್ಕ ಬರ್ತೀನಿ. ಈ ಪ್ರಾಣಿ ನಮ್ಮ ದೇಶದಾಗ ಉಳದದ್ದು ತಾನಾಗೇ ಅಲ್ಲ. 1970ರ ದಶಕದ ತನಕ ಒಡಿಶಾದ ದಂಡಿಯಿಂದ ಆಮಿ ತತ್ತಿ ದೋಣಿಗಟ್ಟಲೆ ಒಯ್ಯತಿದ್ರು, ಅದಕ್ಕ ಸರಕಾರದ ಪರವಾನಗಿನೂ ಇತ್ತು. ಆಮಿಗಳನ್ನ ಬೆನ್ನ ಕೆಳಗ ಮಾಡಿ ಲಾರಿ, ರೈಲಿನಾಗ ಹಾಕಿ ಕಲ್ಕತ್ತಾಕ್ಕ ಮಾಂಸಕ್ಕ ಕಳಸತಿದ್ರು. 1972ರಲ್ಲಿ ವನ್ಯಜೀವಿ ಸಂರಕ್ಷಣಾ ಕಾಯ್ದೆ ಬಂತು, 1974ರಲ್ಲಿ ರಾಬರ್ಟ್ ಬಸ್ಟರ್ಡ್ ಅನ್ನೂ ವಿಜ್ಞಾನಿ ಒಡಿಶಾದ ಗಹಿರ್‌ಮಥಾದಾಗ ಲಕ್ಷಗಟ್ಟಲೆ ಆಮಿ ಒಮ್ಮೇಲೆ ತತ್ತಿ ಇಡೂದನ್ನ ಜಗತ್ತಿಗೆ ತೋರಿಸಿದ್ರು. ಅಲ್ಲಿನ ಜನಕ್ಕ ಮೊದಲ ಗೊತ್ತಿತ್ತು, ಕಾಗದದ ಮ್ಯಾಲ ಬಂದದ್ದು ಅವಾಗ. ಆದ್ರ ಕಾಯ್ದೆ ಬಂದ್ರೂ ಕಡಿಯೂದ ನಿಂತಿರಲಿಲ್ಲ.

ನಿಲ್ಲೂವಂಗ ಮಾಡಿದವರಾಗ ಒಬ್ಬಾಕಿ ನಮ್ಮ ಕರ್ನಾಟಕದಾಗ ಹುಟ್ಟಿದ ಹುಡಗಿ. ಜೆ. ವಿಜಯಾ ಅಂತ, 1959ರಲ್ಲಿ ಬೆಂಗಳೂರಾಗ ಹುಟ್ಟಿದಾಕಿ. ಮದ್ರಾಸಿನಾಗ ಕಾಲೇಜ ಓದೂ ಮುಂದ ಅಲ್ಲಿನ ಹಾವಿನ ಉದ್ಯಾನಕ್ಕ ಹೋಗಿ ಕೆಲಸಕ್ಕ ನಿಂತ್ಲು. ಭಾರತದಾಗ ಹಾವು ಆಮಿಗಳ ಅಭ್ಯಾಸ ಮಾಡಿದ ಮೊದಲನೇ ಹೆಣ್ಣಮಗಳು ಅಂತ ಅಕಿನ್ನ ಕರೀತಾರ. ಆಗಿನ ಕಾಲಕ್ಕ ಇಪ್ಪತ್ತು ಇಪ್ಪತ್ತೆರಡರ ಹುಡಗಿ ಒಬ್ಬಾಕೀನ ರೈಲ ಹತ್ತಿ ಊರೂರ ತಿರಗಿ ಮೀನ ಪ್ಯಾಟಿಯಾಗ ನಿಂತು ಆಮಿ ಎಣಸ್ತಾಳಂದ್ರ ಏನ ಮಾತ ಕೇಳಿರಬೇಕು ಅಂತ ನಿಮಗ ನಾ ಹೇಳಬೇಕಿಲ್ಲ. ಪಶ್ಚಿಮ ಬಂಗಾಲದ ದೀಘಾ ದಂಡಿಯಾಗ ರಾಶಿ ರಾಶಿ ಆಮಿ ಕಡದು ಹಾಕಿದ್ದನ್ನ ಅಕಿ ಬರಕೊಂಡು ಫೋಟೋ ತಂದ್ಲು. ಅದು 1982ರಲ್ಲಿ ಇಂಡಿಯಾ ಟುಡೇ ಪತ್ರಿಕೆಯಲ್ಲಿ ಬಂತು. ಪ್ರಧಾನಿ ಇಂದಿರಾ ಗಾಂಧಿಯವರ ಕಣ್ಣಿಗೆ ಬಿತ್ತು. ಕರಾವಳಿ ಕಾವಲು ಪಡೆಗೆ ಸಮುದ್ರದಾಗ ಆಮಿ ಕಾಯೂ ಕೆಲಸ ಬಂತು. ಆಪರೇಷನ್ ಒಲಿವಿಯಾ ಅಂತ ಇವತ್ತಿಗೂ ಪ್ರತಿ ಛಳಿಗಾಲ ಅವ್ರ ಹಡಗ ಒಡಿಶಾದ ನೀರಾಗ ತಿರಗತಾವ.

ಅದೇ 1982ರಲ್ಲಿ ವಿಜಯಾ ಕೇರಳದ ಕಾಡಿನಾಗ ಇನ್ನೊಂದ ಆಮಿ ಹುಡಕಿದ್ಲು. 1912ರಲ್ಲಿ ಕಾಗದದ ಮ್ಯಾಲ ಬಂದು, ಎಪ್ಪತ್ತ ವರ್ಷ ತಿಳದವ್ರ ಯಾರ ಕಣ್ಣಿಗೂ ಬೀಳದ ಅಂಗೈ ಅಗಲದ ಕಾಡಾಮಿ ಅದು. ನಮ್ಮ ಕರ್ನಾಟಕದ ಘಟ್ಟದ ಕಾಡಿನಾಗೂ ಐತಿ. ಅದರ ಸಲುವಾಗಿ ಕಾಡಿನಾಗೇ ಇದ್ದು ಅಭ್ಯಾಸ ಮಾಡಿದ್ಲು. 1987ರಲ್ಲಿ, ಮೂವತ್ತು ತುಂಬೂದರೊಳಗ, ತೀರಿಕೊಂಡ್ಲು. 2006ರಲ್ಲಿ ಆ ಕಾಡಾಮಿಯ ಕುಲಕ್ಕ ವಿಜಯಾಕೆಲಿಸ್ ಅಂತ ಅಕಿ ಹೆಸರ ಇಟ್ರು. ನಮ್ಮ ಪಾಠದ ಪುಸ್ತಕದಾಗ ಈಕಿ ಹೆಸರ ಒಮ್ಮೆನೂ ಓದಿದ ನೆನಪಿಲ್ಲ ನನಗ.

ಇನ್ನೊಬ್ಬಾಂವ ಸತೀಶ್ ಭಾಸ್ಕರ್. ಮದ್ರಾಸ್ ಐಐಟಿ ಕಲಿಯೂದು ಅರ್ಧಕ್ಕ ಬಿಟ್ಟು, ಕಛ್‌ನಿಂದ ಅಂಡಮಾನ್ ತನಕ ದೇಶದ ದಂಡಿನೆಲ್ಲಾ ನಡಕೋತ ಆಮಿ ಹೆಜ್ಜಿ ಹುಡಕಿದಾಂವ. 1982ರ ಮಳಿಗಾಲ ಲಕ್ಷದ್ವೀಪದ ಸುಹೇಲಿ ಅನ್ನೂ ಜನ ಇಲ್ಲದ ನಡುಗಡ್ಡಿಯಾಗ ಐದ ತಿಂಗಳ ಒಬ್ಬಾಂವೇ ಇದ್ದ. ಮಳಿಗಾಲದಾಗ ಅಲ್ಲಿಗೆ ದೋಣಿ ಬರೂದಿಲ್ಲ. ಹಸಿರಾಮಿ ತತ್ತಿ ಇಡೂದು ಅವಾಗೇ, ಅದಕ್ಕ. ಮನಿಯೊಳಗ ಹೆಂಡತಿ, ಎಳೀ ಕೂಸು. ಹೆಂಡತಿಗೆ ಒಂದ ಪತ್ರ ಬರದು, ಬಾಟಲಿಯೊಳಗ ಹಾಕಿ, ಬಿರಡಿ ಜಡದು ಸಮುದ್ರಕ್ಕ ಒಗದ. ತಿಂಗಳ ತುಂಬೂದರೊಳಗ ಅದು ಶ್ರೀಲಂಕಾದ ಒಬ್ಬ ಮೀನುಗಾರನ ಕೈಗೆ ಸಿಕ್ಕಿತು, ಆ ಪುಣ್ಯಾತ್ಮ ಅದನ್ನ ಅಂಚೆಗೆ ಹಾಕಿ ಮುಟ್ಟಿಸಿದ. ಎಲ್ಲಾರೂ ಈ ಕಥಿ ಹೇಳೂ ಮುಂದ ಆ ಬಾಟಲಿ ಸುದ್ದಿ ಹೇಳತಾರ. ನನಗ ಮಾತ್ರ ಐದ ತಿಂಗಳ ಕೂಸ ಹೊತ್ತಗೊಂಡು ದಾರಿ ಕಾದ ಆ ತಾಯೀದ ಲೆಕ್ಕ ಯಾರ ಇಟ್ರು ಅನಸತೈತಿ. ಸತೀಶ್ ಭಾಸ್ಕರ್ 2023ರಲ್ಲಿ ತೀರಿಕೊಂಡ್ರು.

ಕಡಿಯೂದ ಕಡಿಮಿ ಆದ ಮ್ಯಾಲ ಬಂದದ್ದು ಬಲಿ ತ್ರಾಸು. ಆಮಿಗೆ ಉಸರಾಡಾಕ ನೀರಿನ ಮ್ಯಾಲ ಬರಬೇಕು. ಸಿಗಡಿ ಹಿಡಿಯೂ ಟ್ರಾಲ್ ಬಲಿಯಾಗ ಸಿಕ್ರ ಮ್ಯಾಲ ಬರಾಕ ಆಗದ ಮುಳುಗಿ ಸಾಯತೈತಿ. ಇದಕ್ಕ ಉಪಾಯ ಅಂದ್ರ ಬಲಿಯೊಳಗ ಒಂದ ಕಬ್ಬಿಣದ ಜಾಳಗಿ ಕೂಡಸೂದು. ಜರಡಿ ಹಿಡದಂಗ: ಸಿಗಡಿ ಸಂದಿಯೊಳಗಿಂದ ಹಿಂದ ಹೋಗತಾವ, ಆಮಿ ಜಾಳಗಿಗೆ ಬಡದು ಬಾಜೂಕಿನ ಕಂಡಿಯಿಂದ ಹೊರಗ ಹೋಗತೈತಿ. ಕೊಚ್ಚಿಯ ಕೇಂದ್ರೀಯ ಮೀನುಗಾರಿಕೆ ತಂತ್ರಜ್ಞಾನ ಸಂಸ್ಥೆಯವರು ನಮ್ಮ ದೋಣಿಗೆ ಹೊಂದೂವಂಥಾದ್ದು ಒಂದ ಮಾಡ್ಯಾರ. ಮೀನುಗಾರರು ಕಂಡಿಯಿಂದ ಮೀನೂ ಹೋಗತಾವ, ನಮ್ಮ ಹೊಟ್ಟಿ ಗತಿ ಏನು ಅಂತಾರ. ಅದೂ ಖರೇ ಮಾತು. 1996ರಲ್ಲಿ ಅಮೆರಿಕಾ ಇಂಥಾ ಜಾಳಗಿ ಇಲ್ಲದ ದೇಶದ ಸಿಗಡಿ ಬ್ಯಾಡ ಅಂತು. ಭಾರತ, ಮಲೇಶಿಯಾ, ಪಾಕಿಸ್ತಾನ, ಥಾಯ್ಲೆಂಡ್ ಕೂಡಿ ವಿಶ್ವ ವ್ಯಾಪಾರ ಸಂಸ್ಥೆಗೆ ದೂರ ಕೊಟ್ವು. 1998ರಲ್ಲಿ ತೀರ್ಪ ಬಂತು: ಆಮಿ ಉಳಸೂ ಉದ್ದೇಶ ಬರೋಬ್ಬರಿ, ಆದ್ರ ಒಬ್ಬೊಬ್ಬರಿಗೆ ಒಂದೊಂದ ನಮೂನಿ ನಡಕೊಂಡದ್ದು ತಪ್ಪು ಅಂತ. ಅಷ್ಟಕ್ಕ ಮುಗೀಲಿಲ್ಲ, 2019ರಲ್ಲಿ ನಮ್ಮ ಸಮುದ್ರದ ಸಿಗಡಿ ಅಮೆರಿಕಾ ಮತ್ತ ನಿಲ್ಲಿಸಿತು.

ಹೊನ್ನಾವರದ ಮಾತ ಅರ್ಧಕ್ಕ ಬಿಟ್ಟಿದ್ದೆ. ನಮ್ಮ ರಾಜ್ಯದಾಗ ಒಡಿಶಾದಂಗ ಲಕ್ಷಗಟ್ಟಲೆ ಬರೂದಿಲ್ಲ, ಒಂದೊಂದ ಬರತಾವ. ಕಾರವಾರ, ಗೋಕರ್ಣ, ಹೊನ್ನಾವರ, ಕುಂದಾಪುರದ ದಂಡಿಯೊಳಗ ಛಳಿಗಾಲದಾಗ. ಹಿಂದಕ ಅಲ್ಲೂ ತತ್ತಿ ಅಗದು ತಿಂತಿದ್ರು, ಮಾರತಿದ್ರು. ಮುಂದ ಅರಣ್ಯ ಇಲಾಖೆಯವ್ರು ಗೂಡ ತೋರಿಸಿದ ಮೀನುಗಾರರಿಗೆ ಬಕ್ಷೀಸ ಕೊಡಾಕ ಚಾಲೂ ಮಾಡಿದ್ರು. ತಿನ್ನಾವ್ರೇ ಕಾಯಾವ್ರಾದ್ರು. 2024ರಲ್ಲಿ ಮಂಗಳೂರ ಹತ್ತರದ ದಂಡಿಗೂ ಭಾಳ ವರ್ಷದ ಮ್ಯಾಲ ಆಮಿ ಬಂದು ತತ್ತಿ ಇಟ್ಟುವು. ಕಾಸರಕೋಡ ಟೊಂಕದಾಗ ಮಾತ್ರ ಒಂದ ಜಗಳ ನಡದೈತಿ. ಅಲ್ಲಿ ಖಾಸಗಿ ಬಂದರ ಕಟ್ಟೂ ಯೋಜನೆ ಬಂತು, ಮೀನುಗಾರರು ಬ್ಯಾಡ ಅಂದ್ರು, ಹೆಣ್ಣಮಕ್ಕಳು ರಸ್ತೇದಾಗ ಕುಂತ್ರು. ಅದು ಆಮಿ ತತ್ತಿ ಇಡೂ ದಂಡಿ ಹೌದೋ ಅಲ್ಲೋ ಅನ್ನೂದು ಹೈಕೋರ್ಟಿನ ತನಕ ಹೋತು. ಮೀನ ಒಣಗಸೂ ಉಸುಕು ಹೋದ್ರ ಆಮಿ ಉಸುಕೂ ಹೋಗತೈತಿ, ಎರಡೂ ಒಂದೇ ಉಸುಕು. ಅದಕ್ಕೇ ಆ ಹೆಣ್ಣಮಗಳ ದನಿಯೊಳಗ ಅಷ್ಟ ಜತನ ಇತ್ತು ಅಂತ ನನಗ ಆಮ್ಯಾಲ ತಿಳೀತು.

ಉಸುಕಿನ ಮಾತ ಬಂತಂದ್ರ ನಾವೂ ಬಂದ್ವಿ ಅಂತ ತಿಳೀರಿ. ನಮ್ಮ ಕೃಷ್ಣಾ ಹುಟ್ಟೂದು ಮಹಾಬಳೇಶ್ವರದಾಗ, ಅಲ್ಲಿಂದ ಅರಬ್ಬಿ ಸಮುದ್ರ ಬರೇ 64 ಕಿಲೋಮೀಟರ್. ಆದ್ರ ಅಕಿ ಆ ಕಡೆ ಹೋಗದ, ನಮ್ಮ ಕಡೆ ಹೊಳ್ಳಿ, ರಬಕವಿ, ಜಮಖಂಡಿ ಮುಟ್ಟಿ, ಬೀಳಗಿಯ ಚಿಕ್ಕಸಂಗಮದಾಗ ಮುಧೋಳದಿಂದ ಬಂದ ಘಟಪ್ರಭಾನ ಕೂಡಕೊಂಡು, ಒಟ್ಟ 1,400 ಕಿಲೋಮೀಟರ್ ನಡದು ಆಂಧ್ರದ ಹಂಸಲದೀವಿ ಹತ್ತರ ಬಂಗಾಲ ಉಪಸಾಗರ ಸೇರತಾಳ. ಆ ಹಂಸಲದೀವಿ ದಂಡಿಯೊಳಗೂ ಆಲಿವ್ ರಿಡ್ಲಿ ಬಂದು ತತ್ತಿ ಇಡತಾವ! ಅಲ್ಲಿನ ಅರಣ್ಯ ಇಲಾಖೆಯವ್ರು ತತ್ತಿ ಕಾದು ಮರಿ ಬಿಡತಾರ. ನಾನು ಆಮಿ ನೋಡಾಕ ಘಟ್ಟ ಇಳದು ಹೊನ್ನಾವರಕ್ಕ ಹೋಗಿದ್ದೆ, ಇತ್ತ ನಮ್ಮ ಮನಿ ಮುಂದಿನ ನೀರು ಇನ್ನೊಂದ ಆಮಿ ದಂಡಿಗೆ ದಿನಾ ಹೊಂಟಿತ್ತು.

ಆ ದಂಡಿಯ ಉಸುಕು ಮಣ್ಣೆಲ್ಲಾ ಹೊಳಿ ಹೊತ್ತ ತಂದದ್ದು. ಈಗ ಹೊಳಿಗುಂಟ ಒಡ್ಡು. ಆಲಮಟ್ಟಿಗೆ 1964ರಲ್ಲಿ ಅಡಿಗಲ್ಲ ಬಿತ್ತು, ಹಿಪ್ಪರಗಿ ಬ್ಯಾರೇಜ ಆತು, ಚಿಕ್ಕಪಡಸಲಗಿಯಾಗ 1989ರಲ್ಲಿ ನಮ್ಮ ರೈತರೇ ರೊಕ್ಕ ಕೂಡಿಸಿ, ಮೈ ಬಗ್ಗಿಸಿ ದುಡದು ಶ್ರಮಬಿಂದು ಸಾಗರ ಕಟ್ಟಿದ್ರು. ಆ ಬ್ಯಾರೇಜ ಬಗ್ಗೆ ನಾ ಒಂದ ಕೆಟ್ಟ ಮಾತ ಆಡಾಕಿ ಅಲ್ಲ; ಅದರ ನೀರಿನಿಂದ ನಮ್ಮ ಮನಿಯಾಗ ಕಬ್ಬ ಬೆಳದು ಮಕ್ಕಳು ಓದ್ಯಾವ. ಬೀಳಗಿ ಕಡೆ ಊರಿಗೆ ಊರ ಮುಳಗಿದ್ದೂ ನೋಡೀನಿ, ಅಲ್ಲಿಯವ್ರಿಗೆ ತವರಮನಿನೇ ನೀರಿನ ತಳಕ್ಕ ಹೋಗೇತಿ. ಆದ್ರ ಲೆಕ್ಕ ಲೆಕ್ಕನ. ಮ್ಯಾಲಿಂದ ಕೆಳಗ ತನಕ ಎಷ್ಟೋ ಒಡ್ಡಿನ ಹಿಂದ ಹೂಳು ಕುಂತು, ಕೆಳಗ ಕೃಷ್ಣಾ ಬಾಯಿಗೆ ಹೋಗೂ ಮಣ್ಣ ಭಾಳ ಕಡಿಮಿ ಆಗಿ, ಸಮುದ್ರ ಅಲ್ಲಿನ ದಂಡಿ ತಿನ್ನಾಕತ್ತೈತಿ. ಮ್ಯಾಲ ರಾತ್ರೋರಾತ್ರಿ ಟಿಪ್ಪರಿನಾಗ ಹೋಗೂ ಉಸುಕು ಬ್ಯಾರೆ. ಕೇರಳದ ಕೊಳಾವಿಪ್ಪಾಲಂನಾಗ 1992ರಲ್ಲಿ ಮೀನುಗಾರ ಹುಡುಗ್ರು ಪೇಪರಿನಾಗ ಓದಿ ತಾವಾಗೇ ಆಮಿ ಕಾಯಾಕ ನಿಂತ್ರು, ತೀರಂ ಅಂತ ಸಂಘ ಮಾಡಿದ್ರು. ಉಸುಕ ತೆಗೆದು ತೆಗೆದು, ಸಮುದ್ರ ಕೊರದು, ಅವ್ರ ದಂಡಿನೇ ಸವೀತು.

ನಮ್ಮ ಹೊಳಿಯಾಗೂ ಒಂದ ಆಮಿ ಐತಿ. ಮೆತ್ತನ ಚಿಪ್ಪಿನ ದೊಡ್ಡ ಆಮಿ, ಹಂದಿಯಂಗ ಮೂತಿ ಮುಂದ ಬಂದಿರತೈತಿ. ಲೀತ್‌ನ ಮೆದುಚಿಪ್ಪಿನ ಆಮೆ ಅಂತಾರ. ಮುಂಬಯಿಯ ಡಾಕ್ಟರ ಲೀತ್ ಅನ್ನಾಂವನ ಹೆಸರು. ದಕ್ಷಿಣ ಭಾರತದ ಹೊಳಿ ಬಿಟ್ರ ಜಗತ್ತಿನಾಗ ಎಲ್ಲೂ ಇಲ್ಲ. ತಿನ್ನಾಕ ಹಿಡದು, ದಂಡಿ ಉಸುಕ ತೆಗೆದು, ಈಗ ತೀರಾ ಅಳಿವಿನ ಅಂಚಿನ ಪಟ್ಟಿಗೆ ಸೇರೇತಿ. 2022ರಲ್ಲಿ ಜಗತ್ತಿನ ದೇಶಗಳು ಕೂಡಿ ಇದರ ವ್ಯಾಪಾರ ಪೂರಾ ಬಂದ್ ಮಾಡಿದ್ವು, ಕೇಳಿದ್ದು ಭಾರತನ. ಮುಧೋಳ ನಾಯಿ ಹೆಸರಿಲೆ 2005ರಲ್ಲಿ ಅಂಚೆ ಚೀಟಿ ಬಂತು, ಸೈನ್ಯಕ್ಕೂ ಹೋತು, ನಾವೆಲ್ಲಾ ಎದಿ ಉಬ್ಬಿಸಿದ್ವಿ. ನಾಯಿ ನಮ್ಮ ಅಂಗಳದಾಗ ಮಲಗತೈತಿ, ಹೆಸರ ಹಿಡದ್ರ ಓಡಿ ಬರತೈತಿ. ಹೊಳಿ ಆಮಿಗೆ ಯಾರ ಹೆಸರ ಹಿಡದ ಕರೀಬೇಕು?

ಇನ್ನ ವೈನಿ, ನಿಮ್ಮ ಬಾಜೂ ಮನಿ ಟಬ್ಬಿನ ಮಾತು. ಬೆನ್ನ ಮ್ಯಾಲ ಚುಕ್ಕಿ ರಂಗೋಲಿ ಇದ್ರ ಅದು ನಕ್ಷತ್ರ ಆಮಿ. ಅದು ನೀರಿನ ಪ್ರಾಣಿನೇ ಅಲ್ಲ, ಒಣ ಹುಲ್ಲ ಕಾವಲಿನಾಗ ಇರೂದು. ಆಳ ನೀರಾಗ ಬಿಟ್ರ ಮುಳುಗಿ ಸಾಯತೈತಿ. ಲಕ್ಷ್ಮೀ ಬರತಾಳ, ಇಪ್ಪತ್ತ ಉಗುರಿದ್ರ ಲಕ್ಷಾಂತರ ಬೆಲಿ ಅಂತ ಹೇಳಿ ಮೋಸ ಮಾಡಾವ್ರು ನಮ್ಮ ಕಡೆ ಭಾಳ ಮಂದಿ. ಮನಿಯಾಗ ಇಟಗೊಳ್ಳೂದು ಕಾಯ್ದೆ ಪ್ರಕಾರ ಗುನ್ಹೆ, ಜೇಲ ಆಗೂವಂಥಾದ್ದು. 2019ರಿಂದ ಹೊರದೇಶಕ್ಕ ಮಾರೂದೂ ಪೂರಾ ಬಂದ್ ಆಗೇತಿ. ಹೊಳಿಗೆ ಒಗದು ಬರ್ರಿ ಅಂತ ಹೇಳಬ್ಯಾಡ್ರಿ ಮತ್ತ, ಪುಣ್ಯ ಬರತೈತಂತ ತಿಳದು. ಅರಣ್ಯ ಇಲಾಖೆಗೆ ಒಪ್ಪಿಸಬೇಕು. 1926ಕ್ಕ ಫೋನ್ ಹಚ್ಚಿದ್ರ ದಾರಿ ಹೇಳತಾರ.

ನಿನ್ನೆ ರಾತ್ರಿ ವೈನಿಗೆ ಇಷ್ಟ ಹೇಳಿದ್ದಕ್ಕ, "ನಾ ಹೋಗಿ ಹೇಳಿದ್ರ ಅವ್ರು ನನ್ನ ಜೋಡಿ ಮಾತ ಬಿಡತಾರ, ದಿನಾ ಒಂದೇ ನಳದಾಗ ನೀರ ತುಂಬಬೇಕು ನಾವು" ಅಂದ್ರು. ಖರೇ ಐತಿ. ಬರೂ ಸೋಮವಾರ ನಾನೇ ರಬಕವಿಗೆ ಹೊಂಟೀನಿ. ಅವ್ರ ಮನಿಗೆ ಹೋಗಿ, ಮೊದಲ ಚಹಾ ಕುಡದು, ಚಿಗವ್ವನ ಬಾವಿ ಆಮಿ ಕಥಿಯಿಂದ ಚಾಲೂ ಮಾಡತೀನಿ.